ಕ್ಯಾನ್ಸರ್ ಪರೀಕ್ಷೆಗೆ ನೀಡಿದ ಅಂಗಾಂಶದ ಮಾದರಿ: ಪ್ರೋಟೀನ್ ಪರೀಕ್ಷೆ, ಸಂಗ್ರಹಣೆ, ಸಂಶೋಧನೆ ಮತ್ತು ರೋಗಿಯ ಸಮ್ಮತಿ

(ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಕ್ಯಾನ್ಸರ್ ಇರಬಹುದೆಂಬ ಸಂಶಯ ಬಂದಾಗ ಗಡ್ಡೆಯ ಅಥವಾ ಹುಣ್ಣಿನ ಸಣ್ಣ ತುಣುಕೊಂದನ್ನು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ. ಇದಕ್ಕೆ ಬಯಾಪ್ಸಿ ಎಂದು ಹೆಸರು. ವರದಿ ಕೈಸೇರಿದ ಕೂಡಲೇ ಆ ತುಣುಕಿನ ಉಪಯೋಗ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ಆದರೆ ತುಣುಕಿನ ಉಳಿದ ಭಾಗವನ್ನು ಆಸ್ಪತ್ರೆಯ ರೋಗಶಾಸ್ತ್ರ ವಿಭಾಗದಲ್ಲಿ ಕಾಪಾಡಿ ಇಡಲಾಗುತ್ತದೆ. ಮುಂದೆ ಯಾವ ಔಷಧ ಕೊಡಬೇಕೆಂಬುದನ್ನು ನಿರ್ಧರಿಸಲು ಅದೇ ತುಣುಕು ಮತ್ತೆ ಬೇಕಾಗಬಹುದು. ರೋಗಿಯ ಸಮ್ಮತಿ ಇದ್ದಲ್ಲಿ ಕ್ಯಾನ್ಸರ್ ಸಂಶೋಧನೆಗೂ ಅದನ್ನು ಬಳಸಬಹುದು.

ಈ ಮಾದರಿಯ ಮೇಲೆ ರೋಗಿಗೆ ಇರುವ ಹಕ್ಕುಗಳೇನು, ಅದನ್ನು ಹಿಂಪಡೆಯುವುದು ಹೇಗೆ, ಸಂಶೋಧನೆಗೆ ಕೇಳಿದಾಗ ಏನನ್ನು ವಿಚಾರಿಸಬೇಕು ಎಂಬ ವಿಷಯಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಮಾದರಿಯನ್ನು ಕಾಪಾಡುವ ವಿಧಾನ

ತೆಗೆದ ತುಣುಕನ್ನು ತಡಮಾಡದೆ ಫಾರ್ಮಲಿನ್ ದ್ರಾವಣದಲ್ಲಿ ಮುಳುಗಿಸಬೇಕು. ದ್ರಾವಣದ ಪ್ರಮಾಣವು ತುಣುಕಿನ ಗಾತ್ರಕ್ಕಿಂತ ಸುಮಾರು 10 ಪಟ್ಟು ಇರುವುದು ರೂಢಿ. ಸ್ತನ ಕ್ಯಾನ್ಸರ್‌ನ ಪ್ರೋಟೀನ್ ಪರೀಕ್ಷೆಗಳಿಗೆ ಮಾದರಿಯು ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆಗಳ ಕಾಲ ಫಾರ್ಮಲಿನ್‌ನಲ್ಲಿ ಇರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ತಿಳಿಸುತ್ತವೆ. ಅನಂತರ ತುಣುಕನ್ನು ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ ಅಚ್ಚು ಮಾಡಲಾಗುತ್ತದೆ. ಇದನ್ನೇ ಬ್ಲಾಕ್ ಎನ್ನುತ್ತಾರೆ. ಬ್ಲಾಕಿನಿಂದ ಕೂದಲಿಗಿಂತಲೂ ತೆಳುವಾದ ಪದರಗಳನ್ನು ಕೊಯ್ದು ಗಾಜಿನ ಸ್ಲೈಡಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಲಾಗುತ್ತದೆ. ಸರಿಯಾಗಿ ಸಿದ್ಧಪಡಿಸಿದ ಬ್ಲಾಕನ್ನು ಸಾಮಾನ್ಯ ಕೊಠಡಿಯಲ್ಲಿಯೇ ಅನೇಕ ವರ್ಷ ಇಡಬಹುದು. ಕೇವಲ ಸಂಶೋಧನೆಗೆಂದು ತೆಗೆದಿರಿಸುವ ಕೆಲವು ಮಾದರಿಗಳನ್ನು ಮಾತ್ರ ಮೈನಸ್ 80 ಡಿಗ್ರಿ ಸೆಲ್ಸಿಯಸ್ ಶೀತದಲ್ಲಿ ಅಥವಾ ದ್ರವ ಸಾರಜನಕದಲ್ಲಿ ಶೇಖರಿಸಲಾಗುತ್ತದೆ.

ಮಾದರಿಯ ಡಬ್ಬಿಯನ್ನು ಪ್ರಯೋಗಾಲಯಕ್ಕೆ ಒಯ್ಯುವ ಕೆಲಸವನ್ನು ಕೆಲವೊಮ್ಮೆ ರೋಗಿಯ ಬಂಧುಗಳಿಗೇ ವಹಿಸಲಾಗುತ್ತದೆ. ಅಂತಹ ಸಂದರ್ಭದಲ್ಲಿ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು:

ಅ) ಡಬ್ಬಿಯ ಮೇಲೆ ರೋಗಿಯ ಹೆಸರು, ವಯಸ್ಸು, ಆಸ್ಪತ್ರೆಯ ನೋಂದಣಿ ಸಂಖ್ಯೆ, ತುಣುಕು ತೆಗೆದ ದಿನಾಂಕ ಮತ್ತು ಸಮಯ ಬರೆದಿರಬೇಕು.
ಆ) ತುಣುಕು ಫಾರ್ಮಲಿನ್‌ನಲ್ಲಿ ಮುಳುಗಿದೆಯೇ ಎಂದು ಆಸ್ಪತ್ರೆಯ ಸಿಬ್ಬಂದಿಯಿಂದಲೇ ಖಚಿತಪಡಿಸಿಕೊಳ್ಳಬೇಕು. ಖಾಲಿ ಡಬ್ಬಿಯಲ್ಲಿ ಅಥವಾ ನೀರಿನಲ್ಲಿಟ್ಟ ತುಣುಕು ಕೆಡುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಅದು ಇನ್ನೂ ಬೇಗ ಕೆಡುತ್ತದೆ. ಕೆಟ್ಟ ತುಣುಕಿನಿಂದ ಪ್ರೋಟೀನ್ ಪರೀಕ್ಷೆ ಸಾಧ್ಯವಾಗದೆ ರೋಗಿಯು ಎರಡನೆಯ ಬಾರಿ ಬಯಾಪ್ಸಿಯ ನೋವನ್ನು ಅನುಭವಿಸಬೇಕಾಗುತ್ತದೆ.
ಇ) ಫಾರ್ಮಲಿನ್ ವಿಷಕಾರಿ ದ್ರಾವಣವಾದುದರಿಂದ ದಾರಿಯಲ್ಲಿ ಡಬ್ಬಿಯನ್ನು ತೆರೆಯಬಾರದು, ಮಕ್ಕಳ ಕೈಗೆ ಕೊಡಬಾರದು.

3. ಪ್ರೋಟೀನ್ ಪರೀಕ್ಷೆ ಎಂದರೇನು?

ಜೀವಕೋಶದ ಬಹುತೇಕ ಕೆಲಸಗಳನ್ನು ನಡೆಸುವುದು ಪ್ರೋಟೀನುಗಳು. ಕ್ಯಾನ್ಸರ್ ಕೋಶದಲ್ಲಿ ಕೆಲವು ಪ್ರೋಟೀನುಗಳು ಮಿತಿಮೀರಿ ಹೆಚ್ಚುತ್ತವೆ, ಕೆಲವು ಕಡಿಮೆಯಾಗುತ್ತವೆ. ಮೇಲ್ನೋಟಕ್ಕೆ ಒಂದೇ ರೀತಿ ಕಾಣುವ ಎರಡು ಗಡ್ಡೆಗಳಲ್ಲಿ ಬೇರೆ ಬೇರೆ ಪ್ರೋಟೀನುಗಳು ಇರಬಹುದು. ಆಗ ಚಿಕಿತ್ಸೆಯೂ ಬೇರೆಯಾಗುತ್ತದೆ.

ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಮಾಡುವ ಪ್ರೋಟೀನ್ ಪರೀಕ್ಷೆಯನ್ನು ಇಮ್ಯುನೊಹಿಸ್ಟೊಕೆಮಿಸ್ಟ್ರಿ ಅಥವಾ ಸಂಕ್ಷಿಪ್ತವಾಗಿ ಐ.ಎಚ್.ಸಿ. ಎನ್ನುತ್ತಾರೆ. ಗೊತ್ತುಪಡಿಸಿದ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು ಸ್ಲೈಡಿನ ಮೇಲೆ ಹಾಕಿದಾಗ, ಆ ಪ್ರೋಟೀನ್ ಇರುವ ಕಡೆ ಸಾಮಾನ್ಯವಾಗಿ ಕಂದು ಬಣ್ಣ ಮೂಡುತ್ತದೆ. ಸ್ತನ ಕ್ಯಾನ್ಸರ್‌ನಲ್ಲಿ ಶೇ. 1 ಅಥವಾ ಅದಕ್ಕಿಂತ ಹೆಚ್ಚು ಕ್ಯಾನ್ಸರ್ ಕೋಶಗಳಲ್ಲಿ ಈಸ್ಟ್ರೊಜೆನ್ ಗ್ರಾಹಕ ಪ್ರೋಟೀನ್ ಕಂಡುಬಂದಲ್ಲಿ ಅದನ್ನು ಪಾಸಿಟಿವ್ ಎಂದು ಪರಿಗಣಿಸಲಾಗುತ್ತದೆ. ಟ್ಯಾಮೊಕ್ಸಿಫೆನ್‌ನಂತಹ ಮಾತ್ರೆಗಳು ಉಪಯುಕ್ತವಾಗುವುದು ಇಂತಹ ರೋಗಿಗಳಿಗೆ. ಹರ್-2 ಎಂಬ ಮತ್ತೊಂದು ಪ್ರೋಟೀನನ್ನು 0, 1+, 2+, 3+ ಎಂದು ಅಂಕಗಳಲ್ಲಿ ನಮೂದಿಸಲಾಗುತ್ತದೆ. 3+ ಇದ್ದಲ್ಲಿ ಪಾಸಿಟಿವ್ ಎಂದರ್ಥ. 2+ ಇದ್ದಲ್ಲಿ ಖಚಿತ ತೀರ್ಮಾನಕ್ಕೆ ಬರಲು ಅದೇ ಬ್ಲಾಕಿನಿಂದ ಫಿಶ್ ಎಂಬ ವಂಶವಾಹಿ ಪರೀಕ್ಷೆಯಂತಹ ಮತ್ತೊಂದು ಪರೀಕ್ಷೆ ಬೇಕಾಗುತ್ತದೆ. ಬ್ಲಾಕ್ ಕಳೆದುಹೋಗಿದ್ದರೆ ಈ ಹಂತದಲ್ಲಿ ಚಿಕಿತ್ಸೆಯೇ ತಡವಾಗುತ್ತದೆ.

ಸಂಶೋಧನಾಲಯಗಳಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದ ಮೂಲಕ ಸಾವಿರಾರು ಪ್ರೋಟೀನುಗಳನ್ನು ಒಂದೇ ಬಾರಿಗೆ ಅಳೆಯಲಾಗುತ್ತದೆ. ಪ್ರೋಟೀನುಗಳನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಆ ತುಂಡುಗಳ ತೂಕದ ಆಧಾರದ ಮೇಲೆ ಅವು ಯಾವ ಪ್ರೋಟೀನಿನವು ಎಂದು ಗುರುತಿಸುವುದು ಇದರ ತತ್ವ.

4. ಸಂಗ್ರಹಿಸಿದ ಮಾದರಿಗಳಿಂದ ಆಗಿರುವ ಪ್ರಯೋಜನ

ಅ) 1987ರಲ್ಲಿ ಅಮೆರಿಕದ ಡಾ. ಡೆನ್ನಿಸ್ ಸ್ಲಾಮನ್ ಮತ್ತು ಸಂಗಡಿಗರು 189 ಸ್ತನ ಕ್ಯಾನ್ಸರ್ ಗಡ್ಡೆಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಶೇ. 30ರಷ್ಟರಲ್ಲಿ ಹರ್-2 ವಂಶವಾಹಿಯ ಪ್ರತಿಗಳು ಹೆಚ್ಚಿರುವುದನ್ನು ಕಂಡರು. ಅಂತಹ ರೋಗಿಗಳಲ್ಲಿ ಕಾಯಿಲೆ ಬೇಗ ಮರುಕಳಿಸುತ್ತಿತ್ತೆಂಬುದೂ ತಿಳಿದುಬಂತು. ಗಡ್ಡೆಯ ಜೊತೆಗೆ ರೋಗಿಯು ಮುಂದೆ ಹೇಗಿದ್ದರು ಎಂಬ ವಿವರವನ್ನೂ ದಾಖಲಿಸಿ ಇಟ್ಟಿದ್ದರಿಂದ ಇದು ಸಾಧ್ಯವಾಯಿತು. ಹರ್-2 ಪ್ರೋಟೀನನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಔಷಧಕ್ಕೆ 1998ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು.

ಆ) ಅನ್ನನಾಳದ ಕ್ಯಾನ್ಸರ್ ಕುರಿತು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನ ವಿಜ್ಞಾನಿಗಳು ಮತ್ತು ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯ ವೈದ್ಯರು ಜೊತೆಗೂಡಿ ನಡೆಸಿದ ಅಧ್ಯಯನವು 2011ರಲ್ಲಿ ಪ್ರಕಟವಾಯಿತು. 10 ರೋಗಿಗಳ ಗಡ್ಡೆಯನ್ನು ಅದರ ಪಕ್ಕದ ಆರೋಗ್ಯವಂತ ಅಂಗಾಂಶದೊಡನೆ ಹೋಲಿಸಿ 687 ಪ್ರೋಟೀನುಗಳನ್ನು ಗುರುತಿಸಲಾಯಿತು. ಅವುಗಳಲ್ಲಿ 257 ಪ್ರೋಟೀನುಗಳ ಪ್ರಮಾಣ ಗಡ್ಡೆಯಲ್ಲಿ ಭಿನ್ನವಾಗಿತ್ತು. ಅವುಗಳ ಪೈಕಿ ಹೊಸದಾಗಿ ಕಂಡುಬಂದ ಮೂರು ಪ್ರೋಟೀನುಗಳು ಗಡ್ಡೆಯಲ್ಲಿ ಹೆಚ್ಚಿರುವುದನ್ನು ಇತರ ಅಂಗಾಂಶ ಮಾದರಿಗಳ ಮೇಲೆ ಐ.ಎಚ್.ಸಿ. ಮೂಲಕ ದೃಢಪಡಿಸಲಾಯಿತು. ಇವು ಮುಂದಿನ ಅಧ್ಯಯನಕ್ಕೆ ಸೂಚಿಸಿದ ಗುರುತುಗಳೇ ಹೊರತು ಸಿದ್ಧ ರಕ್ತ ಪರೀಕ್ಷೆಯಾಗಲಿ ಔಷಧವಾಗಲಿ ಅಲ್ಲ ಎಂಬುದನ್ನು ಗಮನಿಸಬೇಕು.

ಇ) ಅಮೆರಿಕದಲ್ಲಿ ಸಂಗ್ರಹಿಸಿಟ್ಟಿದ್ದ ದೊಡ್ಡ ಕರುಳಿನ 95 ಗಡ್ಡೆಗಳ ಪ್ರೋಟೀನ್ ಅಧ್ಯಯನವು 2014ರಲ್ಲಿ ಪ್ರಕಟವಾಯಿತು. ವಂಶವಾಹಿಯ ಸಂದೇಶದ ಪ್ರಮಾಣವನ್ನು ಮಾತ್ರ ನೋಡಿ ಪ್ರೋಟೀನಿನ ಪ್ರಮಾಣವನ್ನು ಖಚಿತವಾಗಿ ಹೇಳಲಾಗದು ಎಂಬುದು ಅದರಿಂದ ಸ್ಪಷ್ಟವಾಯಿತು. ಪ್ರೋಟೀನನ್ನು ನೇರವಾಗಿ ಅಳೆಯುವ ಅಗತ್ಯ ಇರುವುದು ಇದೇ ಕಾರಣಕ್ಕೆ.

5. ನಮ್ಮ ಜಿಲ್ಲೆಯ ರೋಗಿಗಳು ಗಮನಿಸಬೇಕಾದ ಅಂಶಗಳು

ದೇವದುರ್ಗ ಮತ್ತು ಮಾನ್ವಿಯ ನಿವಾಸಿಗಳು ಮೊದಲಿಗೆ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗೆ, ಅಲ್ಲಿಂದ 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ, ಅಂದರೆ ರಿಮ್ಸ್‌ಗೆ ಬರಬಹುದಾಗಿದೆ. ಹೆಚ್ಚಿನ ಚಿಕಿತ್ಸೆಗಾಗಿ ಕಲಬುರಗಿಯಲ್ಲಿರುವ ಕಿದ್ವಾಯಿ ಸಂಸ್ಥೆಯ ಕೇಂದ್ರಕ್ಕೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಅಥವಾ ಹೈದರಾಬಾದಿನ ಎಂ.ಎನ್.ಜೆ. ಕ್ಯಾನ್ಸರ್ ಸಂಸ್ಥೆಗೆ ಹೋಗುವವರೂ ಇದ್ದಾರೆ. ಐ.ಎಚ್.ಸಿ. ಪರೀಕ್ಷೆ ಎಲ್ಲ ಆಸ್ಪತ್ರೆಗಳಲ್ಲಿ ದೊರೆಯುವುದಿಲ್ಲ. ಆದ್ದರಿಂದ ಒಂದು ಊರಿನಲ್ಲಿ ತೆಗೆದ ತುಣುಕು ಮತ್ತೊಂದು ಊರಿನಲ್ಲಿ ಬೇಕಾಗುತ್ತದೆ. ದೂರದ ಆಸ್ಪತ್ರೆಗೆ ಹೊರಡುವ ಮುನ್ನವೇ ಬ್ಲಾಕ್, ಸ್ಲೈಡುಗಳು ಮತ್ತು ವರದಿಯನ್ನು ಪಡೆದುಕೊಂಡಲ್ಲಿ ಒಂದು ಪ್ರಯಾಣದ ಖರ್ಚು ಹಾಗೂ ಹಲವು ದಿನಗಳ ಕೂಲಿ ಉಳಿಯುತ್ತದೆ.

ನಮ್ಮ ಭಾಗದ ಅನೇಕ ಕುಟುಂಬಗಳು ಕೆಲಸಕ್ಕಾಗಿ ಬೆಂಗಳೂರು, ಪುಣೆ, ಹೈದರಾಬಾದ್ ಮುಂತಾದ ಕಡೆ ಗುಳೆ ಹೋಗುತ್ತವೆ. ಅಂತಹವರು ಊರಿನಲ್ಲಿಯೇ ಇರುವ ಒಬ್ಬ ಬಂಧುವಿನ ದೂರವಾಣಿ ಸಂಖ್ಯೆಯನ್ನೂ ಆಸ್ಪತ್ರೆಯಲ್ಲಿ ನೋಂದಾಯಿಸುವುದು ಸೂಕ್ತ. ವರದಿ ಬಂದ ಸುದ್ದಿ ರೋಗಿಗೆ ತಲುಪುವುದು ಇದರಿಂದಲೇ. ರೋಗಿಯ ಮುಂದಿನ ಸ್ಥಿತಿ ತಿಳಿಯದಿದ್ದಲ್ಲಿ ಸಂಶೋಧನೆಗೆ ನೀಡಿದ ಮಾದರಿಯ ಉಪಯೋಗವೂ ಬಹಳ ಕಡಿಮೆಯಾಗುತ್ತದೆ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಪಡಿತರ ಚೀಟಿ, ಆಧಾರ್ ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರದೊಂದಿಗೆ ನೋಂದಾಯಿತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಸಂಪರ್ಕಿಸಬೇಕು. ಪ್ರೋಟೀನ್ ಪರೀಕ್ಷೆಯ ಶುಲ್ಕವು ತಮ್ಮ ಚಿಕಿತ್ಸಾ ಪ್ಯಾಕೇಜಿನಲ್ಲಿ ಸೇರಿದೆಯೇ ಎಂಬುದನ್ನು ಪರೀಕ್ಷೆಗೆ ಮೊದಲೇ ವಿಚಾರಿಸಿಕೊಳ್ಳುವುದು.

6. ಸಂಶೋಧನೆಗೆ ಸಮ್ಮತಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ನೈತಿಕ ಮಾರ್ಗಸೂಚಿಗಳ ಪ್ರಕಾರ, ಸಂಶೋಧನೆಗೆ ಸಂಗ್ರಹಿಸಿದ ಜೈವಿಕ ಮಾದರಿಯ ಒಡೆತನ ಅದನ್ನು ನೀಡಿದ ವ್ಯಕ್ತಿಯದು. ಅದನ್ನು ಸಂಗ್ರಹಿಸಿಡುವ ಸಂಸ್ಥೆಯು ಕೇವಲ ಪಾಲಕ ಸಂಸ್ಥೆ. ಇದರಂತೆ:

ಅ) ಚಿಕಿತ್ಸೆಗೆ ನೀಡುವ ಸಮ್ಮತಿಯೇ ಬೇರೆ, ಸಂಶೋಧನೆಗೆ ನೀಡುವ ಸಮ್ಮತಿಯೇ ಬೇರೆ. ಶಸ್ತ್ರಚಿಕಿತ್ಸೆಯ ಪತ್ರಕ್ಕೆ ಸಹಿ ಹಾಕಿದ ಮಾತ್ರಕ್ಕೆ ಸಂಶೋಧನೆಗೂ ಒಪ್ಪಿದಂತೆ ಆಗುವುದಿಲ್ಲ.
ಆ) ಸಮ್ಮತಿ ನೀಡದಿದ್ದಲ್ಲಿ ಚಿಕಿತ್ಸೆಗೆ ಯಾವುದೇ ರೀತಿಯ ಧಕ್ಕೆಯಾಗಬಾರದು.
ಇ) ಮಾಹಿತಿ ಪತ್ರವು ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದು ಬರಹ ಬಾರದವರಿಗೆ ನಿಷ್ಪಕ್ಷಪಾತಿಯಾದ, ಓದುಬಲ್ಲ ಸಾಕ್ಷಿಯ ಸಮ್ಮುಖದಲ್ಲಿ ಓದಿ ಹೇಳಿದ ನಂತರವೇ ಹೆಬ್ಬೆಟ್ಟಿನ ಗುರುತು ಪಡೆಯಬೇಕು.
ಈ) ಒಂದು ಅಧ್ಯಯನಕ್ಕೆ ಮಾತ್ರ ಒಪ್ಪಬಹುದು ಅಥವಾ ಮುಂದಿನ ಅಧ್ಯಯನಗಳಿಗೂ ಒಪ್ಪಬಹುದು. ಆಯ್ಕೆ ರೋಗಿಯದು.
ಉ) ನೀಡಿದ ಸಮ್ಮತಿಯನ್ನು ಹಿಂಪಡೆಯಬಹುದು. ಆದರೆ ಹೆಸರಿನ ಸಂಬಂಧವನ್ನು ಪೂರ್ಣವಾಗಿ ಅಳಿಸಿದ ಮಾದರಿಯನ್ನು ಯಾರದೆಂದು ಗುರುತಿಸಿ ಮರಳಿಸುವುದು ಸಾಧ್ಯವಿಲ್ಲ.
ಊ) ಸಂಶೋಧನೆಗಾಗಿಯೇ ಮಾಡುವ ಪರೀಕ್ಷೆಗಳ ವೆಚ್ಚವನ್ನು ರೋಗಿಯಿಂದ ಪಡೆಯುವಂತಿಲ್ಲ.
ಋ) ಮಕ್ಕಳ ಪರವಾಗಿ ತಂದೆ ತಾಯಿ ಅಥವಾ ಪೋಷಕರು ಸಮ್ಮತಿ ನೀಡಬೇಕು, 7 ವರ್ಷ ಮೇಲ್ಪಟ್ಟ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು.

ಪ್ರತಿಯೊಂದು ಸಂಶೋಧನೆಯನ್ನು ಸಂಸ್ಥೆಯ ನೈತಿಕ ಸಮಿತಿಯು ಮುಂಚಿತವಾಗಿ ಪರಿಶೀಲಿಸಬೇಕು. ಈ ಸಮಿತಿಯಲ್ಲಿ 7ರಿಂದ 15 ಸದಸ್ಯರಿರುತ್ತಾರೆ. ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿದ್ದು, ವೈದ್ಯರಲ್ಲದ ಸಾಮಾನ್ಯ ನಾಗರಿಕರೊಬ್ಬರೂ ಸದಸ್ಯರಾಗಿರುತ್ತಾರೆ. ಪರೀಕ್ಷೆಯ ನಂತರ ಉಳಿದ, ಯಾರದೆಂದು ಗುರುತಿಸಲಾಗದಂತೆ ಮಾಡಿದ ಮಾದರಿಗಳ ವಿಷಯದಲ್ಲಿ ಪ್ರತ್ಯೇಕ ಸಮ್ಮತಿಯಿಂದ ವಿನಾಯಿತಿ ನೀಡುವ ಅಧಿಕಾರ ಈ ಸಮಿತಿಗಿದೆ; ಸಂಶೋಧಕರು ತಾವಾಗಿಯೇ ಅದನ್ನು ತೀರ್ಮಾನಿಸುವಂತಿಲ್ಲ.

ಈ ನಿಯಮಗಳ ಹಿಂದೆ ಕಹಿ ಅನುಭವಗಳಿವೆ. 1951ರಲ್ಲಿ ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಮಹಿಳೆಯ ಗರ್ಭಕೊರಳಿನ ಕ್ಯಾನ್ಸರ್ ಕೋಶಗಳನ್ನು ಆಕೆಗೆ ತಿಳಿಸದೆ ಸಂಶೋಧನೆಗೆ ಬಳಸಲಾಯಿತು. ಆ ಕೋಶಗಳಿಂದ ಜಗತ್ತಿಗೆ ಅಪಾರ ಉಪಕಾರವಾಯಿತು, ಕಂಪನಿಗಳಿಗೆ ಲಾಭವೂ ಆಯಿತು. ಆಕೆಯ ಕುಟುಂಬಕ್ಕೆ ಎರಡು ದಶಕಗಳವರೆಗೆ ವಿಷಯವೇ ತಿಳಿದಿರಲಿಲ್ಲ.

7. ದಾಖಲೆ, ಸ್ಲೈಡ್ ಮತ್ತು ಬ್ಲಾಕ್ ಪಡೆಯುವ ವಿಧಾನ

ಬಯಾಪ್ಸಿ ನಡೆದ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ ಅಥವಾ ರೋಗಶಾಸ್ತ್ರ ವಿಭಾಗದ ಮುಖ್ಯಸ್ಥರಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಸಲ್ಲಿಸಬಹುದು. ಅರ್ಜಿಯಲ್ಲಿ ಈ ವಿವರಗಳಿರಲಿ:

- ರೋಗಿಯ ಹೆಸರು, ವಯಸ್ಸು, ವಿಳಾಸ ಮತ್ತು ದೂರವಾಣಿ ಸಂಖ್ಯೆ
- ಹೊರರೋಗಿ ಅಥವಾ ಒಳರೋಗಿ ಸಂಖ್ಯೆ
- ವರದಿಯ ಮೇಲ್ಭಾಗದಲ್ಲಿ ನಮೂದಿಸಿರುವ ಬಯಾಪ್ಸಿ ಸಂಖ್ಯೆ ಮತ್ತು ದಿನಾಂಕ
- ಯಾವ ಆಸ್ಪತ್ರೆಗೆ, ಯಾವ ಉದ್ದೇಶಕ್ಕೆ ಬೇಕು ಎಂಬ ವಿವರ

ವರದಿಯ ನಕಲು ಮತ್ತು ರೋಗಿಯ ಗುರುತಿನ ಚೀಟಿಯ ನಕಲನ್ನು ಲಗತ್ತಿಸಬೇಕು. ಬಂಧುಗಳು ಬರುವುದಾದಲ್ಲಿ ರೋಗಿಯ ಒಪ್ಪಿಗೆ ಪತ್ರವನ್ನು ತರಬೇಕು. ಬ್ಲಾಕನ್ನು ಬಿಸಿಲಿನಲ್ಲಿ ಇಡಬಾರದು, ಮೇಣ ಕರಗುತ್ತದೆ. ಸ್ಲೈಡುಗಳನ್ನು ಒಡೆಯದಂತೆ ಡಬ್ಬಿಯಲ್ಲಿ ಒಯ್ಯಬೇಕು. ಪರೀಕ್ಷೆ ಮುಗಿದ ಮೇಲೆ ಬ್ಲಾಕನ್ನು ಮರಳಿ ಪಡೆದು ಸಂಬಂಧಪಟ್ಟ ವಿಭಾಗಕ್ಕೆ ಒಪ್ಪಿಸಿ ಸ್ವೀಕೃತಿ ಪಡೆಯುವುದು ಒಳ್ಳೆಯದು.

ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ, ಒಳರೋಗಿಗಳ ವೈದ್ಯಕೀಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು; ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೇಳಿದಲ್ಲಿ 72 ಗಂಟೆಗಳೊಳಗೆ ದಾಖಲೆಗಳನ್ನು ಒದಗಿಸಬೇಕು. ಬ್ಲಾಕುಗಳನ್ನು ಎಷ್ಟು ಕಾಲ ಇಡಲಾಗುತ್ತದೆ ಎಂಬುದನ್ನು ಆಯಾ ಆಸ್ಪತ್ರೆಯಲ್ಲಿಯೇ ವಿಚಾರಿಸಿ ಬರೆದಿಟ್ಟುಕೊಳ್ಳಬೇಕು.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆಯೇ?
ಉತ್ತರ: ಸರಿಯಾದ ಕ್ರಮದಲ್ಲಿ ಮಾಡಿದ ಬಯಾಪ್ಸಿಯಿಂದ ಹಾಗಾಗುವುದು ತೀರ ವಿರಳ. ಬಯಾಪ್ಸಿಗೆ ಹೆದರಿ ತಿಂಗಳುಗಟ್ಟಲೆ ತಡಮಾಡುವುದರಿಂದ ಆಗುವ ಹಾನಿಯೇ ಹೆಚ್ಚು.

ಪ್ರಶ್ನೆ: ಸಂಶೋಧನೆಗೆಂದು ಹೆಚ್ಚುವರಿ ತುಣುಕು ತೆಗೆಯುತ್ತಾರೆಯೇ?
ಉತ್ತರ: ಬಹುತೇಕ ಅಧ್ಯಯನಗಳು ಪರೀಕ್ಷೆಯ ನಂತರ ಉಳಿದ ಭಾಗವನ್ನು ಬಳಸುತ್ತವೆ. ಹೆಚ್ಚುವರಿ ತುಣುಕು ಅಥವಾ ರಕ್ತ ಬೇಕಿದ್ದಲ್ಲಿ ಅದನ್ನು ಸಮ್ಮತಿ ಪತ್ರದಲ್ಲಿ ಸ್ಪಷ್ಟವಾಗಿ ತಿಳಿಸಿರಬೇಕು.

ಪ್ರಶ್ನೆ: ನನ್ನ ಹೆಸರು ಬಹಿರಂಗವಾಗುತ್ತದೆಯೇ?
ಉತ್ತರ: ಇಲ್ಲ. ಹೆಸರಿನ ಬದಲಿಗೆ ಸಂಕೇತ ಸಂಖ್ಯೆ ನೀಡಲಾಗುತ್ತದೆ. ಆ ಸಂಕೇತದ ಕೀಲಿ ಯಾರ ಬಳಿ ಇರುತ್ತದೆ ಎಂದು ಕೇಳುವ ಹಕ್ಕು ತಮಗಿದೆ.

ಪ್ರಶ್ನೆ: ಇದರಿಂದ ನನ್ನ ಚಿಕಿತ್ಸೆಗೆ ಲಾಭವಿದೆಯೇ?
ಉತ್ತರ: ವೈದ್ಯರು ಸೂಚಿಸಿದ ಐ.ಎಚ್.ಸಿ. ಪರೀಕ್ಷೆಯಿಂದ ನೇರ ಲಾಭವಿದೆ. ಸಂಶೋಧನೆಯ ಫಲ ದೊರೆಯಲು ವರ್ಷಗಳು ಬೇಕು. ಅದು ಬಹುಮಟ್ಟಿಗೆ ಮುಂದಿನ ರೋಗಿಗಳಿಗೆ ಸಲ್ಲುತ್ತದೆ. ಲಾಭದ ಭರವಸೆ ನೀಡಿ ಸಮ್ಮತಿ ಕೇಳಿದಲ್ಲಿ ಎಚ್ಚರ ವಹಿಸಬೇಕು.

9. ವಿಶೇಷ ಸೂಚನೆ

ಮಾದರಿಯು ಮೊದಲು ರೋಗಿಯ ಚಿಕಿತ್ಸೆಗೆ ಸಲ್ಲಬೇಕು. ಚಿಕಿತ್ಸೆಗೆ ಬೇಕಾದಷ್ಟು ಅಂಗಾಂಶವನ್ನು ಬ್ಲಾಕಿನಲ್ಲಿ ಉಳಿಸಲಾಗಿದೆಯೇ ಎಂದು ಕೇಳಿ ತಿಳಿದ ನಂತರವೇ ಸಂಶೋಧನೆಯ ಸಮ್ಮತಿ ಪತ್ರಕ್ಕೆ ಸಹಿ ಮಾಡುವುದು ಹಾಗೂ ಅದರ ಒಂದು ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳುವುದು. ಬಾಯಿಯಲ್ಲಿ ಮಾಯದ ಹುಣ್ಣು, ನುಂಗಲು ತೊಂದರೆ, ಸ್ತನದಲ್ಲಿ ಗಂಟು, ಅಸಹಜ ರಕ್ತಸ್ರಾವ ಇವುಗಳಲ್ಲಿ ಯಾವುದೇ ಲಕ್ಷಣ ಕಂಡುಬಂದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯನ್ನು ಕೂಡಲೇ ಸಂಪರ್ಕಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ.