ಮಳೆ ಅಲ್ಲಿ, ಹೊಳೆ ಇಲ್ಲಿ

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಆಕಾಶ ನೋಡಿ ಕೃಷ್ಣೆಯ ನೀರನ್ನು ಊಹಿಸಲಾಗದು. ಊರಿನ ಮಳೆ ಅಲ್ಪ; ಹೊಳೆ ತುಂಬುವುದು ಮಹಾಬಳೇಶ್ವರ, ಕೊಯ್ನಾ ಕಡೆಯ ಸಹ್ಯಾದ್ರಿಯಲ್ಲಿ ಮಳೆ ಸುರಿದಾಗ.

ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮರುವರ್ಷವೇ ಮಳೆ ಕೈಕೊಟ್ಟಿತು. ಜಮಖಂಡಿ ಆಗ ಸಂಸ್ಥಾನ; ನೆರೆಯ ಕಲಾದಗಿ ಜಿಲ್ಲೆ ಭೀಕರ ಬರಕ್ಕೆ ತುತ್ತಾಯಿತು. ಮುಂಗಾರನ್ನು ಮೊದಲೇ ತಿಳಿಯಲಾದೀತೇ ಎಂಬ ಪ್ರಶ್ನೆ ಸರಕಾರವನ್ನು ಕಾಡತೊಡಗಿತು. ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದತ್ತ ನೋಡಿದರು: ಅಲ್ಲಿ ಹಿಮ ಹೆಚ್ಚಾದರೆ ಇಲ್ಲಿ ಮಳೆ ಕಡಿಮೆ. 1886ರಿಂದ ಮುನ್ಸೂಚನೆ ನಿಯಮಿತವಾಗಿ ಹೊರಬಂತು. 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಪೆಸಿಫಿಕ್ ಸಾಗರದ ವಾಯುಭಾರಕ್ಕೂ ನಮ್ಮ ಮಳೆಗೂ ನಂಟು ಕಂಡರು. ವಿಜ್ಞಾನ ಓದಿದ ನನಗೆ ಇದು ಇಂದಿಗೂ ರೋಮಾಂಚನ. ಆದರೆ ದೇಶದ ಸರಾಸರಿ ತಿಳಿದ ರೈತ ರೋಹಿಣಿಗೆ ಬಿತ್ತಬೇಕೋ, ಮೃಗಶಿರಕ್ಕೆ ಕಾಯಬೇಕೋ?

ಕರ್ನಾಟಕ 1988ರಲ್ಲಿ ಬರ ನಿಗಾ ಘಟಕ ತೆರೆಯಿತು. ಮುಂದೆ ಗ್ರಾಮ ಪಂಚಾಯಿತಿಗಳಿಗೂ ಮಳೆಮಾಪಕ ಬಂದವು. ಈ ಊರಿನವರು ಅಷ್ಟು ಕಾಯಲಿಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ, ಬೆವರು ಹಾಕಿ ಬ್ಯಾರೇಜು ಕಟ್ಟಿ ಮಳೆಗಾಲದ ನೀರನ್ನು ಬೇಸಿಗೆಗೆ ಹಿಡಿದಿಟ್ಟರು.

2019ರ ಆಗಸ್ಟ್‌ನಲ್ಲಿ ಬಂದದ್ದು ಬರವಲ್ಲ, ನೆರೆ. ಆಗ ದಂಡೆಯವರಿಗೆ ಬೇಕಿದ್ದ ಸುದ್ದಿ ತಮ್ಮೂರಿನ ಮಳೆಯದಲ್ಲ. ಮೇಲಿನ ಅಣೆಕಟ್ಟುಗಳಿಂದ ಎಷ್ಟು ಕ್ಯೂಸೆಕ್ ಬಿಟ್ಟರು, ಅದು ಯಾವಾಗ ಬಂದು ಮುಟ್ಟುತ್ತದೆ ಎಂಬುದು.