ಎಡಕಲ್ಲು ಗುಡ್ಡ ಹತ್ತಿರ, ಮಾಧವಿ ದೂರ

ಗುಂಡ್ಲುಪೇಟೆಯಲ್ಲಿ ಸುಲ್ತಾನ್ ಬತ್ತೇರಿ ಬಸ್ಸು ಹತ್ತಿದರೆ ಮದ್ದೂರು ಚೆಕ್‌ಪೋಸ್ಟ್, ಮೂಲೆಹೊಳೆ, ಮುತ್ತಂಗ ದಾಟಿ ಕೇರಳ. ಬತ್ತೇರಿಯಿಂದ ಅಂಬಲವಯಲ್ ಕಡೆ ಹೋದರೆ ಎಡಕಲ್ಲು ಗುಡ್ಡ. ರಾತ್ರಿ 9ಕ್ಕೆ ಕಾಡಿನ ರಸ್ತೆ ಬಂದ್ ಆಗುವ ಮೊದಲೇ ನಮ್ಮ ಹುಡುಗರು ಬೈಕಿನಲ್ಲಿ ಹೋಗಿ ಬಂದು ಸ್ಟೇಟಸ್‌ಗೆ ಫೋಟೊ ಹಾಕಿರುತ್ತಾರೆ. ಆದರೆ ಐವತ್ತು ದಾಟಿದವರ ಮುಂದೆ ಎಡಕಲ್ಲು ಅಂದು ನೋಡಿ. ಅವರಿಗೆ ನೆನಪಾಗುವುದು ಗುಹೆಯಲ್ಲ, ಜಯಂತಿ.

1973ರಲ್ಲಿ ಪುಟ್ಟಣ್ಣ ಕಣಗಾಲ್ ತೆಗೆದ ಚಿತ್ರ 'ಎಡಕಲ್ಲು ಗುಡ್ಡದ ಮೇಲೆ'. ಕಾದಂಬರಿ ಕೊಡಗಿನ ಭಾರತೀಸುತರದು. ಅವರ ನಿಜ ಹೆಸರು ಎಸ್.ಆರ್. ನಾರಾಯಣರಾವ್. ರಾಜಣ್ಣನ 'ಹುಲಿಯ ಹಾಲಿನ ಮೇವು' ಕೂಡ ಇವರ ಕಾದಂಬರಿಯೇ. ಕಥೆ ನಮ್ಮಲ್ಲಿ ಪಿಸುಮಾತಿನಲ್ಲಷ್ಟೇ ಆಡುವಂಥದ್ದು. ಮಾಧವಿಯ ಗಂಡ ಸೈನ್ಯದವನು. ಯುದ್ಧದಲ್ಲಿ ಆದ ಗಾಯದಿಂದ ಅವರ ದಾಂಪತ್ಯ ಹೆಸರಿಗಷ್ಟೇ ಉಳಿದಿದೆ. ಅವಳ ಮನಸ್ಸು ತನಗಿಂತ ಚಿಕ್ಕವನಾದ ನಂಜುಂಡನ ಕಡೆ ಹೋಗುತ್ತದೆ. ಆಗ ಜಯಂತಿಗೆ ಇಪ್ಪತ್ತೆಂಟರ ಆಸುಪಾಸು. ನಂಜುಂಡನಾದ ಚಂದ್ರಶೇಖರ್‌ಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಎಂ. ರಂಗರಾವ್ ಸಂಗೀತದಲ್ಲಿ ಎಸ್. ಜಾನಕಿ ಹಾಡಿದ ವಿರಹದ ಹಾಡು ರೇಡಿಯೊದಲ್ಲಿ ಬಂದರೆ ಯಾರೂ ಆರಿಸುತ್ತಿರಲಿಲ್ಲ. ಸಿನಿಮಾ ಮಾತ್ರ ಬೇಡ! ನಮ್ಮ ಸೋದರತ್ತೆಗೆ ಆಗ ಹದಿನೇಳು. "ಅಂಥದ್ನೆಲ್ಲ ಹೆಣ್ಮಕ್ಕಳು ನೋಡ್ಬಾರ್ದು ಕನವ್ವ" ಅಂತ ಅಜ್ಜಿ ತಡೆದರಂತೆ. ಮಾವಂದಿರು ಮಾತ್ರ ಎರಡೆರಡು ಸಲ ನೋಡಿ ಬಂದರು.

ಜಯಂತಿಗೆ ಅತ್ಯುತ್ತಮ ನಟಿ ರಾಜ್ಯ ಪ್ರಶಸ್ತಿ ಬಂತು, ಫಿಲ್ಮ್‌ಫೇರ್ ಬಂತು. ಹುಡುಗನಿಗೆ ಗುಡ್ಡದ ಹೆಸರೇ ಬಂತು. ಕೊನೆವರೆಗೂ ಅವರು ಎಡಕಲ್ಲು ಗುಡ್ಡದ ಚಂದ್ರಶೇಖರ್. ಊರ ಬಾಯಲ್ಲಿ ಮಾಧವಿಗೆ ಸಿಕ್ಕ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. 1981ರ 'ರಂಗನಾಯಕಿ'ಯಲ್ಲಿ ಪುಟ್ಟಣ್ಣ ಮತ್ತೆ ಹಿರಿಯ ಹೆಣ್ಣು, ಕಿರಿಯ ಗಂಡಿನ ಕಡೆಗೆ ಬಂದರು. ಅಲ್ಲಿ ಹುಡುಗ ಮನಸೋತ ನಾಟಕದ ನಟಿ ಅವನ ಹೆತ್ತ ತಾಯಿ ಅಂತ ಆಮೇಲೆ ಗೊತ್ತಾಗುತ್ತದೆ. ನಮಗೆ ಕೇಳಿದರೆ 'ಎಡಕಲ್ಲು' ಅದಕ್ಕಿಂತ ಧೈರ್ಯದ ಚಿತ್ರ. ಇಲ್ಲಿ ತಿಳಿಯದೆ ಆದದ್ದು ಅನ್ನುವ ನೆಪ ಇಲ್ಲ.

ಗುಡ್ಡದ ಮಾತಿಗೆ ಬಂದರೆ, ಎಡೆಯಲ್ಲಿ ಸಿಕ್ಕಿಕೊಂಡ ಕಲ್ಲು ಎಡಕಲ್ಲು. ಅದು ನಿಜಕ್ಕೂ ಗುಹೆಯೇ ಅಲ್ಲ, ಸೀಳಿದ ಬಂಡೆಯ ಸಂದಿ. ಮೇಲೆ ದೊಡ್ಡ ಗುಂಡೊಂದು ಬಿದ್ದು ಮಾಡಿನಂತೆ ಕೂತಿದೆ. ಗೋಡೆಯಲ್ಲಿ ಮನುಷ್ಯರು, ಪ್ರಾಣಿಗಳು, ಚಕ್ರಗಳನ್ನು ಕೊರೆದಿದ್ದಾರೆ. ಪಕ್ಕದಲ್ಲಿ ಬ್ರಾಹ್ಮಿ ಅಕ್ಷರಗಳೂ ಇವೆ. ಮಲಬಾರಿನ ಪೊಲೀಸ್ ಅಧಿಕಾರಿ ಫಾಸೆಟ್ 1890ರ ದಶಕದಲ್ಲಿ ಇವನ್ನು ಹೊರಜಗತ್ತಿಗೆ ತಿಳಿಸಿದರು. ಸಾವಿರಾರು ವರ್ಷದ ಆ ಗೆರೆಗಳನ್ನು ನೋಡಲು ಟಿಕೆಟ್ ತೆಗೆದು ಸಾಲಲ್ಲಿ ನಿಲ್ಲುತ್ತೇವೆ.

ನಮ್ಮದೂ ಒಂದು ತಪ್ಪು ಹೇಳಿಬಿಡುತ್ತೇವೆ. ಸ್ಟ್ರಿಂಗರ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದ್ದೇ ಒಂದು ಸುದ್ದಿ ಸಿಕ್ಕಿತ್ತು. ಮೂರು ಮಕ್ಕಳ ತಾಯಿ, ಅವಳಿಗಿಂತ ಹತ್ತು ವರ್ಷ ಚಿಕ್ಕವನು. 'ಅನೈತಿಕ ಸಂಬಂಧ' ಅಂತ ತಲೆಬರಹ ಕೊಟ್ಟು ಹತ್ತೇ ನಿಮಿಷದಲ್ಲಿ ಕಳಿಸಿದೆವು. ಠಾಣೆಯವರು ಹೇಳಿದ್ದು ಬರೆದೆವು, ಅಕ್ಕಪಕ್ಕದವರು ಹೇಳಿದ್ದೂ ಬರೆದೆವು. ಆ ಹೆಂಗಸನ್ನು ಮಾತಾಡಿಸಬೇಕು ಅಂತ ಹೊಳೆಯಲೇ ಇಲ್ಲ. ಪುಟ್ಟಣ್ಣ ಐವತ್ತು ವರ್ಷದ ಹಿಂದೆ ಮಾಧವಿಯ ಮುಖದ ಮೇಲೆ ಕ್ಯಾಮೆರಾ ಇಟ್ಟು ಕಾದಿದ್ದರು.

ಮೊನ್ನೆ ಅತ್ತೆಗೆ ಫೋನಿನಲ್ಲಿ ಚಿತ್ರ ಹಾಕಿಕೊಟ್ಟೆವು. ಹೊಲದಿಂದ ಬಂದವರು ಊಟ ಮುಗಿಸಿ, ಜಗಲಿ ಮೇಲೆ ಕೂತು ಪೂರಾ ನೋಡಿದರು. ಮುಗಿದ ಮೇಲೆ ಕೇಳಿದ್ದು ಇಷ್ಟೇ:

"ಆ ಹೈದ ಈಗ ಎಲ್ಲವ್ನೆ?"

"ಕೆನಡಾದಲ್ಲಿದ್ದರು ಅತ್ತೆ, 2018ರಲ್ಲಿ ತೀರಿಕೊಂಡರು."

"ಅವ್ಳು?"

"ಜಯಂತಿನೂ 2021ರಲ್ಲಿ ಹೋದರು."

"ಅಯ್ಯೋ, ಇಷ್ಟು ದಿನ ಸುಮ್ಕೆ ಬಯ್ಕಂಡಿದ್ದೆ ಕಣಪ್ಪ ಅವ್ಳ," ಅಂದು ಫೋನ್ ವಾಪಸ್ ಕೊಟ್ಟರು.