ಪದ ಪರಿಚಯ: ಡ್ರಾಫ್ಟ್

ಬ್ಯಾಂಕಿನಲ್ಲಿ ಡಿ.ಡಿ. (ಡಿಮಾಂಡ್ ಡ್ರಾಫ್ಟ್) ತೆಗೆಸಿದವರಿಗೆ ‘ಡ್ರಾಫ್ಟ್’ ಹೊಸ ಪದವಲ್ಲ. ‘ಎಳೆ, ಸೆಳೆ’ ಎಂಬರ್ಥದ ಹಳೆಯ ಇಂಗ್ಲಿಷ್ ಧಾತುವೇ ಇದರ ಮೂಲ. ಖಾತೆಯಿಂದ ಹಣ ಸೆಳೆಯುವ ಪತ್ರ, ಗೆರೆ ಎಳೆದ ನಕ್ಷೆ, ಬರಹದ ಕರಡು, ಜನರನ್ನು ಸೈನ್ಯಕ್ಕೆ ಸೆಳೆದುಕೊಳ್ಳುವ ಕಡ್ಡಾಯ ಭರ್ತಿ ಎಲ್ಲವೂ ಡ್ರಾಫ್ಟೇ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಇದು ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ. ಈ ಆಟದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಮೊದಲ ಡ್ರಾಫ್ಟ್ 1936ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆಯಿತು. ಹಿಂದಿನ ಋತುವಿನಲ್ಲಿ ತೀರಾ ಹಿಂದುಳಿದ ತಂಡಕ್ಕೆ ಮೊದಲ ಸರದಿ. ಈಗ ಒಟ್ಟು 7 ಸುತ್ತು. ಒಂದೊಂದು ಆಯ್ಕೆಯೂ ಒಂದು ‘ಪಿಕ್’.

ಮೊದಮೊದಲ ಪಿಕ್ ಅಮೂಲ್ಯ. ಅದನ್ನು ಬಳಸುವ ದಾರಿ ಮೂರು: ತಂಡದ ಕೊರತೆ ತುಂಬುವುದು, ಇರುವವರಲ್ಲಿ ಅತ್ಯುತ್ತಮನನ್ನು ಆರಿಸುವುದು, ಇಲ್ಲವೇ ಆ ಸರದಿಯನ್ನು ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಹಲವು ಪಿಕ್ ಪಡೆಯುವುದು. 1998ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡ ಮೊದಲ ಪಿಕ್‌ನಲ್ಲಿ ಪೇಟನ್ ಮ್ಯಾನಿಂಗ್‌ನನ್ನು ಆರಿಸಿತು. ಮುಂದೆ ಅವನೇ ತಂಡದ ಬೆನ್ನೆಲುಬಾದ. ಮುಂದೆ ಆಟದ ದಂತಕಥೆಯಾದ ಟಾಮ್ ಬ್ರೇಡಿ 2000ದಲ್ಲಿ ಸಿಕ್ಕಿದ್ದಂತೂ 199ನೇ ಪಿಕ್‌ನಲ್ಲಿ! ಹೀಗೆ ತಡವಾಗಿಯೂ ಒಳ್ಳೆಯವರು ಸಿಗಬಹುದಾದ್ದರಿಂದ ಸಣ್ಣ ಕೊರತೆಗಳನ್ನು ಮುಂದಿನ ಸುತ್ತುಗಳಲ್ಲೂ ತುಂಬಬಹುದು. ಆದ್ದರಿಂದ ಮೊದಲ ಅವಕಾಶ ಅತ್ಯುತ್ತಮ ಆಟಗಾರನಿಗೇ ಸಲ್ಲಬೇಕು.